ವಿಲಿಯಂ ವಾಲೇಸ್: ದಾಖಲೆಯ ಮನುಷ್ಯ, ಹಾಡಿನ ವೀರ

ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಬೇಕೇ ಎಂಬ ಪ್ರಶ್ನೆ ಸುದ್ದಿಗೆ ಬಂದಾಗಲೆಲ್ಲ ಅದರ ಜೊತೆಗೇ ಒಂದು ಹೆಸರೂ ಬರುತ್ತದೆ: ಸುಮಾರು 700 ವರ್ಷಗಳ ಹಿಂದೆ ಇಂಗ್ಲಿಷರ ವಿರುದ್ಧ ಹೋರಾಡಿದ ವಿಲಿಯಂ ವಾಲೇಸ್. 2014ರ ಸೆಪ್ಟೆಂಬರ್ 18ರಂದು ಅಲ್ಲಿ ನಡೆದ ಜನಮತಗಣನೆಯಲ್ಲಿ ಶೇಕಡಾ 55ರಷ್ಟು ಮತಗಳು ಬ್ರಿಟನ್ನಿನಲ್ಲೇ ಉಳಿಯುವುದರ ಪರವಾಗಿಯೂ ಶೇಕಡಾ 45ರಷ್ಟು ಮತಗಳು ಬೇರೆಯಾಗುವುದರ ಪರವಾಗಿಯೂ ಬಿದ್ದವು. ಆದರೂ ಚರ್ಚೆ ಅಲ್ಲಿಗೆ ನಿಲ್ಲಲಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ವಾಲೇಸನ ಪರಿಚಯವಾದದ್ದು 1995ರಲ್ಲಿ ತೆರೆಕಂಡ, ಶ್ರೇಷ್ಠ ಚಿತ್ರವೂ ಸೇರಿದಂತೆ ಐದು ಆಸ್ಕರ್ ಪ್ರಶಸ್ತಿಗಳನ್ನು ಪಡೆದ 'ಬ್ರೇವ್‌ಹಾರ್ಟ್' ಚಲನಚಿತ್ರದಿಂದ. ಮುಖಕ್ಕೆ ನೀಲಿ ಬಣ್ಣ ಬಳಿದುಕೊಂಡು, ಹೆಂಡತಿಯ ಕೊಲೆಗೆ ಸೇಡು ತೀರಿಸಿಕೊಳ್ಳಲು ಹೊರಟು, ಕೊನೆಗೆ ದೇಶದ ಸ್ವಾತಂತ್ರ್ಯಕ್ಕಾಗಿ ಪ್ರಾಣ ಕೊಟ್ಟ ಬಡ ರೈತನಾಗಿ ಅವನು ನಮ್ಮ ಕಣ್ಣ ಮುಂದೆ ನಿಲ್ಲುತ್ತಾನೆ. ಈ ಚಿತ್ರದಲ್ಲಿ ನಿಜವೆಷ್ಟು?

ಇದಕ್ಕೆ ಉತ್ತರ ಹುಡುಕುವಾಗ ಒಂದು ಸರಳ ಅಳತೆಗೋಲು ಕೈಯಲ್ಲಿದ್ದರೆ ಸಾಕು. ವಾಲೇಸನ ಬಗ್ಗೆ ಯಾವ ಮಾತು ಕೇಳಿದರೂ, ಅದನ್ನು ಮೊದಲು ಬರೆದಿಟ್ಟದ್ದು ಯಾವಾಗ ಎಂದು ಕೇಳಬೇಕು. ಅವನು ಬದುಕಿದ್ದಾಗಲೇ ಹುಟ್ಟಿದ ಪತ್ರಗಳು ಮತ್ತು ನ್ಯಾಯಾಲಯದ ಕಡತ ಒಂದು ಕಡೆಗಿವೆ. ಅವು ತೀರ ಕಡಿಮೆ. ಅವನ ಕಾಲದಲ್ಲೋ ಮುಂದಿನ ತಲೆಮಾರಿನಲ್ಲೋ ಬರೆದ ವೃತ್ತಾಂತಗಳು ಇನ್ನೊಂದು ಕಡೆಗಿವೆ. ಅವುಗಳಲ್ಲಿ ಮುಖ್ಯವಾದವು ಇಂಗ್ಲಿಷರ ಕಡೆಯವು, ಆದ್ದರಿಂದ ಅವನ ಮೇಲಿನ ದ್ವೇಷವೂ ಅವುಗಳಲ್ಲಿ ಬೆರೆತಿದೆ. ಇವೆರಡರಿಂದಲೂ ದೂರದಲ್ಲಿ, ಅವನು ಸತ್ತು ಸುಮಾರು 170 ವರ್ಷಗಳಾದ ಮೇಲೆ ಹುಟ್ಟಿದ ಒಂದು ದೀರ್ಘ ಕಾವ್ಯವಿದೆ. ನಮಗೆ ಗೊತ್ತಿರುವ ಕಥೆಯ ಬಹುಪಾಲು ಬಂದದ್ದು ಆ ಕಾವ್ಯದಿಂದ.

ಸಿಂಹಾಸನ ಬರಿದಾದ ಬಗೆ

ವಾಲೇಸ್ ಹುಟ್ಟಿ ಬೆಳೆದದ್ದು ಇಂಗ್ಲೆಂಡಿನ ಹಿಡಿತದಲ್ಲಿದ್ದ ದೇಶದಲ್ಲಿ ಅಲ್ಲ. ಆಗ ಸ್ಕಾಟ್ಲೆಂಡ್ ತನ್ನದೇ ರಾಜನಿದ್ದ ಪ್ರತ್ಯೇಕ ರಾಜ್ಯವಾಗಿತ್ತು, ಎರಡೂ ದೇಶಗಳ ರಾಜಮನೆತನಗಳ ನಡುವೆ ಕೊಟ್ಟು ತರುವ ಸಂಬಂಧವೂ ಇತ್ತು. 1286ರ ಮಾರ್ಚ್ ತಿಂಗಳ ಒಂದು ಬಿರುಗಾಳಿಯ ರಾತ್ರಿ, ಮೂರನೆಯ ಅಲೆಕ್ಸಾಂಡರ್ ರಾಜ ಫೈಫ್ ಪ್ರಾಂತ್ಯದ ಕಿಂಗ್‌ಹಾರ್ನ್ ಬಳಿ ಕುದುರೆಯಿಂದ ಬಿದ್ದು ತೀರಿಕೊಂಡ. ಅವನ ಮಕ್ಕಳೆಲ್ಲ ಅವನಿಗಿಂತ ಮೊದಲೇ ಸತ್ತಿದ್ದರು. ಉಳಿದಿದ್ದವಳು ನಾರ್ವೆಯಲ್ಲಿದ್ದ ಮೊಮ್ಮಗಳು, ಪುಟ್ಟ ಮಾರ್ಗರೆಟ್. 1290ರಲ್ಲಿ ಸ್ಕಾಟ್ಲೆಂಡಿಗೆ ಬರುವ ದಾರಿಯಲ್ಲಿ ಆ ಮಗುವೂ ಆರ್ಕ್ನಿ ದ್ವೀಪಗಳಲ್ಲಿ ಕಣ್ಣುಮುಚ್ಚಿತು.

ಸಿಂಹಾಸನ ತಮಗೆ ಸೇರಬೇಕೆಂದು 13 ಮಂದಿ ಹಕ್ಕು ಹೂಡಿದರು. ಒಳಜಗಳ ಯುದ್ಧಕ್ಕೆ ತಿರುಗೀತೆಂದು ಹೆದರಿದ ಸ್ಕಾಟಿಷ್ ಮುಖಂಡರು ತೀರ್ಪು ಹೇಳಲು ಇಂಗ್ಲೆಂಡಿನ ರಾಜ ಒಂದನೆಯ ಎಡ್ವರ್ಡನನ್ನು ಕರೆದರು. ಹಿರಿಯರು ತೀರಿಕೊಂಡ ಮನೆಯಲ್ಲಿ ದಾಯಾದಿಗಳು ಆಸ್ತಿಗಾಗಿ ಜಗಳಕ್ಕೆ ನಿಂತಾಗ ಪಕ್ಕದ ಹೊಲದ ಬಲಾಢ್ಯನನ್ನು ಪಂಚಾಯಿತಿಗೆ ಕರೆದಂತೆ ಇದು. ಬಂದವನು, "ನ್ಯಾಯ ಹೇಳುತ್ತೇನೆ, ಆದರೆ ಈ ಜಮೀನು ನನ್ನ ಅಧೀನದ್ದೆಂದು ಮೊದಲು ನೀವೆಲ್ಲ ಒಪ್ಪಿಕೊಳ್ಳಿ" ಎಂದರೆ ಏನಾಗುತ್ತದೆಯೋ ಅಲ್ಲಿ ಅದೇ ಆಯಿತು. ಹಕ್ಕುದಾರರು ಒಬ್ಬೊಬ್ಬರಾಗಿ ಒಪ್ಪಿದರು. 1292ರ ನವೆಂಬರಿನಲ್ಲಿ ತೀರ್ಪು ಜಾನ್ ಬೇಲಿಯಲ್ ಪರವಾಗಿ ಬಂತು. ಆಗಿನ ವಂಶಕ್ರಮದ ನಿಯಮದ ಪ್ರಕಾರ ಆ ತೀರ್ಪಿಗೆ ಒಳ್ಳೆಯ ಆಧಾರವಿತ್ತು ಎಂಬುದನ್ನು ಮರೆಯಬಾರದು. ತಕರಾರು ಇದ್ದದ್ದು ಆಮೇಲೆ ನಡೆದದ್ದರಲ್ಲಿ.

ಎಡ್ವರ್ಡ್ ಬೇಲಿಯಲ್‌ನನ್ನು ಸಾಮಂತನಂತೆ ನಡೆಸಿಕೊಂಡ. ಅವನ ತೀರ್ಪುಗಳ ಮೇಲಿನ ಮನವಿಗಳನ್ನು ಇಂಗ್ಲೆಂಡಿನಲ್ಲಿ ಕೇಳಿದ, ಫ್ರಾನ್ಸಿನ ಮೇಲಿನ ಯುದ್ಧಕ್ಕೆ ಸ್ಕಾಟಿಷ್ ಸೈನ್ಯವನ್ನು ಕಳಿಸಬೇಕೆಂದ. 1295ರಲ್ಲಿ ಸ್ಕಾಟರು ಫ್ರಾನ್ಸಿನ ಜೊತೆಗೇ ಒಪ್ಪಂದ ಮಾಡಿಕೊಂಡಾಗ ಎಡ್ವರ್ಡ್ ದಂಡೆತ್ತಿ ಬಂದ. 1296ರ ಮಾರ್ಚ್ ಕೊನೆಗೆ ಬರಿಕ್ ಪಟ್ಟಣ ಸೂರೆಯಾಗಿ ಊರವರ ಮಾರಣಹೋಮ ನಡೆಯಿತು, ಏಪ್ರಿಲಿನಲ್ಲಿ ಡನ್‌ಬಾರಿನಲ್ಲಿ ಸ್ಕಾಟಿಷ್ ಸೈನ್ಯ ಸೋತಿತು, ಜುಲೈಯಲ್ಲಿ ಬೇಲಿಯಲ್ ಪಟ್ಟ ಬಿಟ್ಟ. ಅವನ ನಿಲುವಂಗಿಯ ಮೇಲಿದ್ದ ರಾಜಲಾಂಛನವನ್ನು ಕಿತ್ತುಹಾಕಿದ್ದರಿಂದ ಜನ ಅವನನ್ನು 'ಖಾಲಿ ಅಂಗಿ' ಎಂದು ಕರೆದರು. ಸ್ಕಾಟಿಷ್ ರಾಜರ ಪಟ್ಟಾಭಿಷೇಕದ ಶಿಲೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿಗೆ ಹೋಯಿತು.

ಈ ಹತ್ತು ವರ್ಷಗಳ ಕಥೆಯಿಲ್ಲದೆ ವಾಲೇಸ್ ಅರ್ಥವಾಗುವುದಿಲ್ಲ. ಅವನು ತಲೆಮಾರುಗಳ ದಾಸ್ಯದ ವಿರುದ್ಧ ಎದ್ದವನಲ್ಲ. ನಿನ್ನೆ ಮೊನ್ನೆ ಕಳೆದುಹೋದದ್ದನ್ನು ಮರಳಿ ಪಡೆಯಲು ಎದ್ದವನು.

ಲಾನರ್ಕ್‌ನ ಒಂದು ರಾತ್ರಿ

1297ಕ್ಕಿಂತ ಮೊದಲಿನ ವಾಲೇಸನ ಬದುಕು ಬಹುಮಟ್ಟಿಗೆ ಕತ್ತಲೆಯಲ್ಲಿದೆ. ಹುಟ್ಟಿದ ವರ್ಷಕ್ಕೆ ದಾಖಲೆಯಿಲ್ಲ. ಊರು ಎಲ್ಡರ್‌ಸ್ಲಿ ಎಂಬುದು ವಾಡಿಕೆ, ಏರ್‌ಶೈರ್ ಪ್ರಾಂತ್ಯಕ್ಕೂ ಅದೇ ಹಕ್ಕಿದೆ. ಕುಟುಂಬದ ಹೆಸರಿನ ಮೂಲಾರ್ಥ 'ವೇಲ್ಸಿನವನು' ಎಂದು. ಅವನು ಬಡ ರೈತನಾಗಿರಲಿಲ್ಲ, ದೊಡ್ಡ ಪ್ರಭುವೂ ಆಗಿರಲಿಲ್ಲ. ಸ್ವಲ್ಪ ಭೂಮಿಯಿದ್ದ, ಆಯುಧ ಹಿಡಿಯಲು ಬಲ್ಲ ಕೆಳಹಂತದ ಜಹಗೀರುದಾರರ ಮನೆಯವನು ಎಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ.

1297ರ ಮೇ ತಿಂಗಳಲ್ಲಿ ಅವನ ಗುಂಪು ಲಾನರ್ಕ್ ಪಟ್ಟಣದ ಇಂಗ್ಲಿಷ್ ಶೆರಿಫ್ ವಿಲಿಯಂ ಹೆಸಲ್‌ರಿಗ್‌ನನ್ನು ಕೊಂದಿತು. ಶೆರಿಫ್ ಎಂದರೆ ಆಗ ಪ್ರಾಂತ್ಯದ ಕಂದಾಯ, ನ್ಯಾಯ, ಕಾವಲು ಮೂರನ್ನೂ ನೋಡಿಕೊಳ್ಳುತ್ತಿದ್ದ ರಾಜಾಧಿಕಾರಿ. ಈ ಘಟನೆಗೆ ಒಂದು ಅಪರೂಪದ ಸಾಕ್ಷಿಯಿದೆ. ಶೆರಿಫನ ಜೊತೆಗಿದ್ದ ಥಾಮಸ್ ಗ್ರೇ ಎಂಬ ಇಂಗ್ಲಿಷ್ ಯೋಧನನ್ನು ದಾಳಿಕೋರರು ಬಡಿದು, ಮೈಮೇಲಿನ ಬಟ್ಟೆ ಕಿತ್ತುಕೊಂಡು, ಸತ್ತನೆಂದು ಬಿಟ್ಟುಹೋದರು. ಎರಡೂ ಪಕ್ಕದಲ್ಲಿ ಉರಿಯುತ್ತಿದ್ದ ಎರಡು ಮನೆಗಳ ನಡುವೆ ಅವನು ರಾತ್ರಿಯಿಡೀ ಬಿದ್ದಿದ್ದ. ಆ ಬೆಂಕಿಯ ಕಾವೇ ಅವನ ಜೀವ ಉಳಿಸಿತು. ಅದೇ ಹೆಸರಿನ ಅವನ ಮಗ ಮುಂದೆ 1355ರಲ್ಲಿ ಸ್ಕಾಟರ ಕೈಗೆ ಸೆರೆಸಿಕ್ಕು ಎಡಿನ್‌ಬರೋ ಕೋಟೆಯಲ್ಲಿದ್ದಾಗ ಬರೆಯತೊಡಗಿದ ವೃತ್ತಾಂತದಲ್ಲಿ ಇದನ್ನು ದಾಖಲಿಸಿದ. ತಂದೆಯ ಬಾಯಿಂದ ಮಗನಿಗೆ ಬಂದ ಮಾತಾದ್ದರಿಂದ ಇದಕ್ಕೆ ತೂಕವಿದೆ.

ಹಾಗಾದರೆ ಹೆಂಡತಿಯ ಕೊಲೆ? ಮೇರಿಯನ್ ಬ್ರೇಡ್‌ಫೂಟ್ ಎಂಬ ಯುವತಿಯನ್ನು ಶೆರಿಫ್ ಕೊಲ್ಲಿಸಿದ್ದಕ್ಕೆ ವಾಲೇಸ್ ಸೇಡು ತೀರಿಸಿಕೊಂಡನೆಂಬ ಕಥೆಯ ಸುಳಿವು ಸಮಕಾಲೀನ ದಾಖಲೆಗಳಲ್ಲಿಲ್ಲ. ಅವನಿಗೆ ಹೆಂಡತಿಯಿದ್ದಳೆಂಬುದಕ್ಕೂ ದಾಖಲೆಯಿಲ್ಲ. ಇನ್ನೊಂದು ಮಾತನ್ನೂ ಗಮನಿಸಬೇಕು. ಅದೇ ವರ್ಷ ಸ್ಕಾಟ್ಲೆಂಡಿನ ಹಲವು ಕಡೆ ದಂಗೆಗಳು ಎದ್ದಿದ್ದವು. ದಕ್ಷಿಣದಲ್ಲಿ ಗ್ಲಾಸ್ಗೋ ಬಿಷಪ್ ರಾಬರ್ಟ್ ವಿಶಾರ್ಟ್ ಹಾಗೂ ಕೆಲವು ಪ್ರಭುಗಳು, ಉತ್ತರದಲ್ಲಿ ಇಂಗ್ಲಿಷರ ಸೆರೆಯಿಂದ ತಪ್ಪಿಸಿಕೊಂಡು ಬಂದ ಆಂಡ್ರ್ಯೂ ಮರೆ ಎಂಬ ತರುಣ ಪ್ರಭು ಬಂಡೆದ್ದಿದ್ದರು. ಲಾನರ್ಕ್‌ನ ಬೆಂಕಿ ಒಬ್ಬನ ಎದೆಯಲ್ಲಿ ಮಾತ್ರ ಹೊತ್ತಿದ್ದಲ್ಲ.

ಸ್ಟರ್ಲಿಂಗ್: ಸೇತುವೆಯೇ ಆಯುಧವಾದ ದಿನ

ವಾಲೇಸ್ ಮತ್ತು ಮರೆ ತಮ್ಮ ಪಡೆಗಳನ್ನು ಒಂದುಗೂಡಿಸಿ ಸ್ಟರ್ಲಿಂಗ್ ಬಳಿ ಫೋರ್ತ್ ನದಿಯ ಉತ್ತರಕ್ಕೆ ನೆಲೆನಿಂತರು. ಫೋರ್ತ್ ದಾಟದೆ ಉತ್ತರ ಸ್ಕಾಟ್ಲೆಂಡಿಗೆ ಸೈನ್ಯ ಹೋಗುವಂತಿರಲಿಲ್ಲ, ಅಲ್ಲಿದ್ದದ್ದು ಇಬ್ಬರು ಸವಾರರು ಪಕ್ಕಪಕ್ಕದಲ್ಲಿ ಹೋಗುವಷ್ಟು ಅಗಲದ ಒಂದು ಮರದ ಸೇತುವೆ. ಇಂಗ್ಲಿಷ್ ಸೈನ್ಯದ ಮುಖ್ಯಸ್ಥರು ಇಬ್ಬರು: ವಯಸ್ಸಾಗಿದ್ದ ಸರ್ರಿಯ ಅರ್ಲ್ (ಅಂದರೆ ದೊಡ್ಡ ಪ್ರಭು) ಜಾನ್ ಡಿ ವಾರೆನ್ ಮತ್ತು ಖಜಾಂಚಿ ಹ್ಯೂ ಕ್ರೆಸಿಂಗ್‌ಹ್ಯಾಮ್.

1297ರ ಸೆಪ್ಟೆಂಬರ್ 11ರ ಬೆಳಗಿನ ವಿವರಗಳನ್ನು ಗಿಸ್‌ಬರೋ ಮಠದ ವಾಲ್ಟರ್ ಎಂಬ ಇಂಗ್ಲಿಷ್ ಸಂನ್ಯಾಸಿ ಬರೆದಿಟ್ಟಿದ್ದಾನೆ. ನಸುಕಿನಲ್ಲಿ ಒಂದಷ್ಟು ಸೈನಿಕರು ಸೇತುವೆ ದಾಟಿದರು, ಆದರೆ ಅರ್ಲ್ ಇನ್ನೂ ನಿದ್ದೆಯಿಂದ ಎದ್ದಿರಲಿಲ್ಲವಾದ್ದರಿಂದ ಅವರನ್ನು ಹಿಂದಕ್ಕೆ ಕರೆಸಲಾಯಿತು. ಸಂಧಾನಕ್ಕೆ ಹೋದ ಇಬ್ಬರು ಧರ್ಮಬೋಧಕರಿಗೆ ವಾಲೇಸ್, ತಾವು ಬಂದಿರುವುದು ಶಾಂತಿಗಾಗಿ ಅಲ್ಲ, ಕಾದಾಡಿ ತಮ್ಮ ರಾಜ್ಯವನ್ನು ಬಿಡಿಸಿಕೊಳ್ಳಲು ಎಂದು ಹೇಳಿ ಕಳಿಸಿದ. ಆಗ ಇಂಗ್ಲಿಷರ ಕಡೆಯಲ್ಲಿದ್ದ ಸ್ಕಾಟಿಷ್ ಯೋಧ ರಿಚರ್ಡ್ ಲಂಡಿ ಒಂದು ಸಲಹೆ ಕೊಟ್ಟ: ಸ್ವಲ್ಪ ದೂರದಲ್ಲಿ 60 ಮಂದಿ ಒಟ್ಟಿಗೆ ದಾಟಬಹುದಾದ ಹಾಯ್ಗಡವಿದೆ, ಅಲ್ಲಿಂದ ಸುತ್ತಿಬಂದು ಶತ್ರುಗಳ ಹಿಂದಿನಿಂದ ಬೀಳೋಣ. ಖಜಾಂಚಿ ಒಪ್ಪಲಿಲ್ಲ, ಈಗಾಗಲೇ ರಾಜನ ಹಣ ಬಹಳ ಖರ್ಚಾಗಿದೆ, ಇನ್ನು ತಡಮಾಡುವುದು ಬೇಡವೆಂದ.

ಸೈನ್ಯ ಮತ್ತೆ ಸೇತುವೆ ಹತ್ತಿತು. ದೊಡ್ಡ ಮದುವೆಗೆ ಬಂದ ಜನವೆಲ್ಲ ಒಂದೇ ಕಿರುಬಾಗಿಲಿನಿಂದ ನುಗ್ಗಬೇಕಾದಾಗ ಒಳಗೆ ಹೋದವರು ಸ್ವಲ್ಪವೇ, ಹೊರಗೆ ನಿಂತವರು ಬಹಳ. ಅಬಿ ಕ್ರೇಗ್ ಎಂಬ ಗುಡ್ಡದ ಮೇಲಿಂದ ಸ್ಕಾಟರು ಕಾಯುತ್ತಲೇ ಇದ್ದು, ತಾವು ಸೋಲಿಸಬಲ್ಲಷ್ಟು ಮಂದಿ ದಾಟಿದ್ದಾರೆ ಎನ್ನುವಾಗ ಇಳಿದುಬಂದು ಮೊದಲು ಸೇತುವೆಯ ತುದಿಯನ್ನು ಹಿಡಿದರು. ದಾಟಿದವರು ಹಿಂತಿರುಗುವಂತಿರಲಿಲ್ಲ, ದಾಟದವರು ಸಹಾಯಕ್ಕೆ ಬರುವಂತಿರಲಿಲ್ಲ. ನದಿಯ ಬಾಗಿನಲ್ಲಿದ್ದ ಜೌಗು ನೆಲದಲ್ಲಿ ಭಾರದ ಕುದುರೆಗಳು ಕೆಲಸಕ್ಕೆ ಬರಲಿಲ್ಲ. ಆಚೆ ದಡದಲ್ಲಿದ್ದ ಅರ್ಲ್ ಸೇತುವೆಯನ್ನು ಕೆಡವಿಸಿ ಓಡಿದ. ಸತ್ತವರಲ್ಲಿ ಕ್ರೆಸಿಂಗ್‌ಹ್ಯಾಮನೂ ಇದ್ದ. ಅವನ ಚರ್ಮ ಸುಲಿದು ಹಂಚಿಕೊಂಡರೆಂದು ಇಂಗ್ಲಿಷ್ ವೃತ್ತಾಂತಗಳು ಹೇಳುತ್ತವೆ. ಅದರಿಂದ ವಾಲೇಸ್ ಕತ್ತಿಯ ಪಟ್ಟಿ ಮಾಡಿಸಿಕೊಂಡನೆಂದು ಲ್ಯಾನರ್‌ಕಾಸ್ಟ್ ಮಠದ ವೃತ್ತಾಂತ ಸೇರಿಸುತ್ತದೆ. ಇದು ಶತ್ರುಗಳು ಬರೆದದ್ದು ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು.

ಚಲನಚಿತ್ರದ ಯುದ್ಧದಲ್ಲಿ ಸೇತುವೆಯೇ ಇಲ್ಲ, ಬಯಲಿನಲ್ಲಿ ಎರಡು ಸೈನ್ಯಗಳು ಎದುರುಬದುರು ನುಗ್ಗುತ್ತವೆ. ಗೆದ್ದದ್ದು ಹೇಗೆ ಎಂಬುದಕ್ಕೆ ಸೇತುವೆಯೇ ಉತ್ತರವಾದ್ದರಿಂದ, ನನ್ನ ಮಟ್ಟಿಗೆ ಚಿತ್ರದ ಅತಿ ದೊಡ್ಡ ನಷ್ಟ ಇದೇ. ಎರಡನೆಯ ನಷ್ಟ ಆಂಡ್ರ್ಯೂ ಮರೆಯದು. ಈ ಗೆಲುವಿನಲ್ಲಿ ಅವನು ಸಮಪಾಲುದಾರ. ಆ ದಿನದ ಯುದ್ಧತಂತ್ರ ಅವನದೇ ಇರಬಹುದೆಂದು ಭಾವಿಸುವವರಿದ್ದಾರೆ. ಸೇತುವೆಯ ಕಾಳಗದಲ್ಲಿ ಗಾಯಗೊಂಡನೆಂದು ಹೇಳಲಾದ ಅವನು ಕೆಲವೇ ವಾರಗಳಲ್ಲಿ ತೀರಿಕೊಂಡ, ಕೀರ್ತಿಯೆಲ್ಲ ಬದುಕುಳಿದವನ ಹೆಸರಿಗೆ ಸೇರಿತು.

ಬೇರೊಬ್ಬನ ಹೆಸರಿನಲ್ಲಿ

ಆ ಚಳಿಗಾಲ ವಾಲೇಸನ ಪಡೆ ಉತ್ತರ ಇಂಗ್ಲೆಂಡಿಗೆ ನುಗ್ಗಿ ಹಳ್ಳಿಗಳನ್ನು ಸುಟ್ಟು ಸೂರೆಮಾಡಿತು. ಹೆಕ್ಸಮ್ ಮಠಕ್ಕೆ ಅವನು ಬರೆದುಕೊಟ್ಟ ಅಭಯಪತ್ರ, ಅಂಥ ಅಭಯವಿಲ್ಲದವರ ಪಾಡೇನಾಗಿತ್ತು ಎಂಬುದನ್ನೂ ಹೇಳದೆ ಹೇಳುತ್ತದೆ. 1298ರ ಮಾರ್ಚ್ ವೇಳೆಗೆ ಅವನಿಗೆ ನೈಟ್ ಪದವಿ ದೊರೆತು, ಸ್ಕಾಟ್ಲೆಂಡಿನ 'ಗಾರ್ಡಿಯನ್', ಅಂದರೆ ರಾಜನಿಲ್ಲದಾಗ ರಾಜನ ಪರವಾಗಿ ರಾಜ್ಯ ನೋಡಿಕೊಳ್ಳುವ ರಕ್ಷಕನಾಗಿದ್ದ. ಆ ತಿಂಗಳ 29ರಂದು ಟಾರ್ಫಿಕನ್ ಎಂಬಲ್ಲಿ ಅವನು ಹೊರಡಿಸಿದ ಶಾಸನಪತ್ರದಲ್ಲಿ ಅಧಿಕಾರದ ಮೂಲವಾಗಿ ಕಾಣುವ ಹೆಸರು ಜಾನ್ ರಾಜನದು. ಇಂಗ್ಲಿಷರ ಸೆರೆಯಲ್ಲಿದ್ದ, ಜನ 'ಖಾಲಿ ಅಂಗಿ' ಎಂದು ಆಡಿಕೊಂಡ ಆ ಬೇಲಿಯಲ್‌ನೇ ವಾಲೇಸ್ ಕೊನೆಯವರೆಗೂ ಒಪ್ಪಿದ ರಾಜ. ಅವನಿಗೆ ಸ್ವಾತಂತ್ರ್ಯವೆಂದರೆ ಪ್ರಜೆಗಳ ಆಳ್ವಿಕೆಯಲ್ಲ. ನ್ಯಾಯವಾದ ರಾಜ ತನ್ನ ಪೀಠದಲ್ಲಿರುವುದು, ರಾಜ್ಯ ಬೇರೆ ರಾಜನಿಗೆ ಸಾಮಂತವಾಗದಿರುವುದು.

ರಕ್ಷಕ ಪದವಿ ಬಹಳ ದಿನ ಉಳಿಯಲಿಲ್ಲ. 1298ರ ಜುಲೈ 22ರಂದು ಫಾಲ್ಕಿರ್ಕ್‌ನಲ್ಲಿ ಎಡ್ವರ್ಡ್ ತಾನೇ ಸೈನ್ಯ ನಡೆಸಿಕೊಂಡು ಬಂದ. ವಾಲೇಸ್ ತನ್ನ ಕಾಲಾಳುಗಳನ್ನು 'ಶಿಲ್ಟ್ರಾನ್' ಎಂಬ ವೃತ್ತಾಕಾರದ ವ್ಯೂಹಗಳಲ್ಲಿ ನಿಲ್ಲಿಸಿದ್ದ. ಮುಳ್ಳುಹಂದಿ ಮುಳ್ಳು ಕೆದರಿ ಕುಳಿತಂತೆ ಉದ್ದನೆಯ ಈಟಿಗಳು ಸುತ್ತಲೂ ಹೊರಚಾಚಿದ್ದರೆ ಕುದುರೆಗಳು ಹತ್ತಿರ ಸುಳಿಯುವಂತಿಲ್ಲ. ಆದರೆ ಮುಳ್ಳುಹಂದಿ ಅಲುಗಾಡದೆ ಕುಳಿತಿದ್ದರೆ ದೂರದಿಂದ ಬಾಣ ಬಿಡುವವನಿಗೆ ಸುಲಭದ ಗುರಿ. ಸ್ಕಾಟರ ಅಶ್ವಪಡೆ ಕಣ ಬಿಟ್ಟಿತು, ಎಡ್ವರ್ಡನ ಬಿಲ್ಲುಗಾರರು ವ್ಯೂಹಗಳನ್ನು ಒಡೆದರು, ಒಡೆದ ಕಡೆ ಕುದುರೆಗಳು ನುಗ್ಗಿದವು. ವಾಲೇಸ್ ತಪ್ಪಿಸಿಕೊಂಡು ಅನಂತರ ಪದವಿ ಬಿಟ್ಟ. ಮುಂದೆ ಸ್ಕಾಟ್ಲೆಂಡಿನ ರಾಜನಾದ ರಾಬರ್ಟ್ ಬ್ರೂಸ್ ಅಂದು ಇಂಗ್ಲಿಷರ ಕಡೆ ನಿಂತು ಹೋರಾಡಿದನೆಂಬ ಮಾತು ಸಮಕಾಲೀನ ಬರಹಗಳಲ್ಲಿಲ್ಲ, ಬಹಳ ಕಾಲದ ಮೇಲೆ ಸೇರಿಕೊಂಡದ್ದು.

ಕಡತದಲ್ಲಿ ಉಳಿದ ವಿಚಾರಣೆ

ಮುಂದಿನ ವರ್ಷಗಳಲ್ಲಿ ಅವನು ಫ್ರಾನ್ಸಿನಲ್ಲಿದ್ದ. ಫ್ರಾನ್ಸಿನ ರಾಜ ನಾಲ್ಕನೆಯ ಫಿಲಿಪ್ 1300ರ ನವೆಂಬರ್ 7ರಂದು ರೋಮಿನಲ್ಲಿದ್ದ ತನ್ನ ಪ್ರತಿನಿಧಿಗಳಿಗೆ ಪತ್ರ ಬರೆದು, ವಾಲೇಸನ ಕೆಲಸಕ್ಕೆ ಪೋಪ್ ಸಹಾಯ ಮಾಡುವಂತೆ ಕೇಳಿಕೊಳ್ಳಲು ತಿಳಿಸಿದ. ಕಾಡುಮೇಡು ಅಲೆಯುವ ಬಂಡಾಯಗಾರನೆಂಬ ನಮ್ಮ ಕಲ್ಪನೆಗೆ ಈ ರಾಯಭಾರದ ವಾಲೇಸ್ ಹೊಂದುವುದಿಲ್ಲ, ಆದರೆ ಪತ್ರ ಇಂದಿಗೂ ಉಳಿದಿದೆ.

1304ರಲ್ಲಿ ಸ್ಕಾಟಿಷ್ ಪ್ರಭುಗಳಲ್ಲಿ ಹೆಚ್ಚಿನವರು ಎಡ್ವರ್ಡನಿಗೆ ಶರಣಾದರು. ವಾಲೇಸನಿಗೆ ಮಾತ್ರ ಕ್ಷಮೆಯ ಬಾಗಿಲು ಮುಚ್ಚಿತ್ತು. ಅವನನ್ನು ಹಿಡಿದುಕೊಡಲು ಯಾರು ಹೆಚ್ಚು ಶ್ರಮಿಸುತ್ತಾರೋ ಅವರನ್ನು ನೆನಪಿಡುವುದಾಗಿ ರಾಜ ಹೇಳಿದ್ದ. 1305ರ ಆಗಸ್ಟ್ ಮೊದಲ ವಾರದಲ್ಲಿ ಗ್ಲಾಸ್ಗೋ ಬಳಿ ಜಾನ್ ಮೆಂಟೀತ್‌ನ ಕಡೆಯವರು ಅವನನ್ನು ಹಿಡಿದರು. ಮೆಂಟೀತ್ ಆಗ ಎಡ್ವರ್ಡ್ ನೇಮಿಸಿದ ಡಂಬಾರ್ಟನ್ ಕೋಟೆಯ ಅಧಿಕಾರಿ. ದಂತಕಥೆ ಅವನನ್ನು ನಂಬಿಕೆದ್ರೋಹಿಯೆಂದು ಶತಮಾನಗಳಿಂದ ಶಪಿಸುತ್ತ ಬಂದಿದೆ.

ಆಗಸ್ಟ್ 23ರಂದು ವೆಸ್ಟ್‌ಮಿನ್‌ಸ್ಟರ್ ಸಭಾಭವನದಲ್ಲಿ ತಲೆಗೆ ಎಲೆಗಳ ಕಿರೀಟವಿಟ್ಟು ಅವನನ್ನು ನಿಲ್ಲಿಸಿದರು. ಅಲ್ಲಿ ಕಿರೀಟ ಧರಿಸುತ್ತೇನೆಂದು ಅವನು ಕೊಚ್ಚಿಕೊಂಡಿದ್ದನೆಂಬ ವದಂತಿಗೆ ಅದು ಅಣಕ. ಶೆರಿಫನ ಕೊಲೆ, ಇಂಗ್ಲೆಂಡಿನ ಮೇಲಿನ ದಾಳಿ, ರಾಜದ್ರೋಹ ಮೊದಲಾದ ಆರೋಪಗಳನ್ನು ಓದಿದರು. ತಾನು ಎಡ್ವರ್ಡನಿಗೆ ಎಂದೂ ದ್ರೋಹಿಯಾಗಿರಲಿಲ್ಲ ಎಂದು ಅವನು ಉತ್ತರಿಸಿದ. ಅವನು ನಿಷ್ಠೆಯ ಪ್ರಮಾಣ ಮಾಡಿದ್ದಕ್ಕೆ ದಾಖಲೆಯಿಲ್ಲ. ಪ್ರಮಾಣವನ್ನೇ ಮಾಡದವನು ಅದನ್ನು ಮುರಿಯುವುದು ಹೇಗೆ ಎಂಬುದು ಆ ಉತ್ತರದ ತಿರುಳು. ನ್ಯಾಯಪೀಠದ ದೃಷ್ಟಿ ಬೇರೆ: 1296ರಲ್ಲಿ ರಾಜ್ಯವೇ ಎಡ್ವರ್ಡನದಾದ ಮೇಲೆ ಅಲ್ಲಿದ್ದವರೆಲ್ಲ ಅವನ ಪ್ರಜೆಗಳು. ವಾದಿಸಲು ಅವನಿಗೆ ಅವಕಾಶ ಕೊಡಲಿಲ್ಲ. ಅಂದೇ ಅವನನ್ನು ಬೀದಿಗಳಲ್ಲಿ ಎಳೆದೊಯ್ದು ಸ್ಮಿತ್‌ಫೀಲ್ಡಿನಲ್ಲಿ ಗಲ್ಲಿಗೇರಿಸಿ, ಜೀವವಿರುವಾಗಲೇ ಕೆಳಗಿಳಿಸಿ ಕರುಳು ಬಗೆದು, ತಲೆ ಕಡಿದರು. ತಲೆ ಲಂಡನ್ ಸೇತುವೆಯ ಮೇಲೆ, ದೇಹದ ನಾಲ್ಕು ಭಾಗಗಳು ನ್ಯೂಕ್ಯಾಸಲ್, ಬರಿಕ್, ಸ್ಟರ್ಲಿಂಗ್, ಪರ್ತ್ ಊರುಗಳಿಗೆ ಹೋದವು. ಸಾಯುವ ಕ್ಷಣದಲ್ಲಿ "ಸ್ವಾತಂತ್ರ್ಯ" ಎಂದು ಅವನು ಕೂಗಿದ ದೃಶ್ಯ ಚಿತ್ರದ್ದು.

ಹ್ಯಾರಿಯ ಕಾವ್ಯ

1470ರ ದಶಕದಲ್ಲಿ 'ಕುರುಡ ಹ್ಯಾರಿ' ಎಂದು ಹೆಸರಾದ ಕವಿ ಸ್ಕಾಟ್ಸ್ ಭಾಷೆಯಲ್ಲಿ ಸುಮಾರು 12,000 ಸಾಲುಗಳ 'ವಾಲೇಸ್' ಕಾವ್ಯವನ್ನು ಕಟ್ಟಿದ. ಆಗಿನ ರಾಜ ಮೂರನೆಯ ಜೇಮ್ಸ್ ಇಂಗ್ಲೆಂಡಿನ ಜೊತೆ ಸಂಧಿ ಮಾಡಿಕೊಂಡು ಮಗನಿಗೆ ಅಲ್ಲಿಂದ ಹೆಣ್ಣು ತರಲು ಹೊರಟಿದ್ದ. ಅದನ್ನು ಒಪ್ಪದ ಪ್ರಭುಗಳಿದ್ದರು. ಇಂಗ್ಲಿಷರನ್ನು ನಂಬಬೇಡಿ ಎನ್ನಲು ಅವರಿಗೊಬ್ಬ ವೀರ ಬೇಕಿದ್ದ. ಕಾವ್ಯದ ವಾಲೇಸ್ ಆಳೆತ್ತರ ಮೀರಿದ ಬಲಶಾಲಿ, ಹೆಂಡತಿಯ ಸಾವಿಗೆ ಸೇಡು ತೀರಿಸಿಕೊಳ್ಳುವವನು, ನಡೆದೇ ಇರದ ಯುದ್ಧಗಳನ್ನು ಗೆಲ್ಲುವವನು. ವಾಲೇಸನ ಪುರೋಹಿತ ಜಾನ್ ಬ್ಲೇರ್ ಲ್ಯಾಟಿನ್ನಿನಲ್ಲಿ ಬರೆದ ಗ್ರಂಥವೇ ತನ್ನ ಆಧಾರವೆಂದು ಹ್ಯಾರಿ ಹೇಳಿಕೊಂಡ. ಅಂಥ ಗ್ರಂಥ ಯಾರಿಗೂ ಸಿಕ್ಕಿಲ್ಲ.

ಕಾವ್ಯದ ಒಂದು ಪ್ರಸಂಗದಲ್ಲಿ ಇಂಗ್ಲೆಂಡಿನ ರಾಣಿಯೇ ವಾಲೇಸನ ಬಿಡಾರಕ್ಕೆ ಬಂದು ಶಾಂತಿ ಬೇಡುತ್ತಾಳೆ. ಆದರೆ ಎಡ್ವರ್ಡನ ಮೊದಲ ರಾಣಿ ಎಲಿನರ್ 1290ರಲ್ಲೇ ತೀರಿಕೊಂಡಿದ್ದಳು, ಎರಡನೆಯ ಮದುವೆ ನಡೆದದ್ದು 1299ರಲ್ಲಿ. ವಾಲೇಸ್ ದಂಡು ನಡೆಸುತ್ತಿದ್ದ ಕಾಲಕ್ಕೆ ಇಂಗ್ಲೆಂಡಿಗೆ ರಾಣಿಯೇ ಇರಲಿಲ್ಲ. ಚಿತ್ರದಲ್ಲಿ ಅದೇ ಜಾಗಕ್ಕೆ ಎಡ್ವರ್ಡನ ಸೊಸೆ, ರಾಜಕುಮಾರಿ ಇಸಬೆಲ್ಲಾ ಬರುತ್ತಾಳೆ. ಆಕೆ ಫಾಲ್ಕಿರ್ಕ್ ಯುದ್ಧದ ಹೊತ್ತಿಗೆ ಫ್ರಾನ್ಸಿನಲ್ಲಿದ್ದ ಸುಮಾರು ಮೂರು ವರ್ಷದ ಮಗು. ಅವಳ ಬಸಿರಿನ ಮಗು ವಾಲೇಸನದೆಂದು ಚಿತ್ರ ಸೂಚಿಸುತ್ತದೆ, ಆದರೆ ಅವಳ ಮಗ ಮೂರನೆಯ ಎಡ್ವರ್ಡ್ ಹುಟ್ಟಿದ್ದು 1312ರಲ್ಲಿ, ವಾಲೇಸ್ ಸತ್ತು ಏಳು ವರ್ಷಗಳಾದ ಮೇಲೆ.

1722ರಲ್ಲಿ ವಿಲಿಯಂ ಹ್ಯಾಮಿಲ್ಟನ್ ಎಂಬವನು ಹ್ಯಾರಿಯ ಹಳೆಯ ಭಾಷೆಯನ್ನು ಸರಳಗೊಳಿಸಿ ಪ್ರಕಟಿಸಿದ ಮೇಲೆ ಈ ಕಥೆ ಸ್ಕಾಟ್ಲೆಂಡಿನ ಮನೆಮನೆ ಸೇರಿತು. ಕವಿ ರಾಬರ್ಟ್ ಬರ್ನ್ಸ್ ಹುಡುಗನಾಗಿದ್ದಾಗ ಓದಿ ಮೈಮರೆತದ್ದು ಇದನ್ನೇ. ಚಿತ್ರ ತನ್ನದೇ ಸೇರ್ಪಡೆಗಳನ್ನೂ ಮಾಡಿತು. ಸೊಂಟಕ್ಕೆ ಕಟ್ಟುವ ಕಿಲ್ಟ್ ಉಡುಪು ವಾಲೇಸನಿಗಿಂತ ಸುಮಾರು 300 ವರ್ಷ ಈಚಿನದು, ಮುಖದ ನೀಲಿ ಬಣ್ಣ ಸುಮಾರು 1,000 ವರ್ಷ ಆಚಿನದು. ಮದುವೆಯ ಮೊದಲ ರಾತ್ರಿ ವಧುವಿನ ಮೇಲೆ ಪ್ರಭುವಿಗೆ ಹಕ್ಕಿತ್ತೆಂಬುದಕ್ಕೂ ಆ ಕಾಲದ ಪುರಾವೆಯಿಲ್ಲ. 'ಕೆಚ್ಚೆದೆ' ಎಂಬರ್ಥದ ಚಿತ್ರದ ಹೆಸರೂ ರಾಬರ್ಟ್ ಬ್ರೂಸ್‌ನ ಕಥೆಗೇ ಹೆಚ್ಚು ಹೊಂದುತ್ತದೆ: 1314ರಲ್ಲಿ ಬ್ಯಾನಕ್‌ಬರ್ನ್ ಯುದ್ಧ ಗೆದ್ದ ಆ ರಾಜ ಸತ್ತ ಮೇಲೆ ಅವನ ಹೃದಯವನ್ನು ಡಗ್ಲಸ್ ಎಂಬ ಸೇನಾನಿ ಕರಂಡಕದಲ್ಲಿಟ್ಟು ಸ್ಪೇನಿನ ರಣಭೂಮಿಗೆ ಕೊಂಡೊಯ್ದಿದ್ದ.

ಕತ್ತಿ ಮತ್ತು ಮುದ್ರೆ

ಅಬಿ ಕ್ರೇಗ್ ಗುಡ್ಡದ ಮೇಲೆ 1869ರಲ್ಲಿ ಪೂರ್ಣಗೊಂಡ ವಾಲೇಸ್ ಸ್ಮಾರಕ ಗೋಪುರವಿದೆ. 246 ಮೆಟ್ಟಿಲುಗಳ ಆ ಗೋಪುರದೊಳಗೆ ಸುಮಾರು 5 ಅಡಿ 4 ಅಂಗುಲ ಉದ್ದದ 'ವಾಲೇಸನ ಕತ್ತಿ'ಯನ್ನು ಇಟ್ಟಿದ್ದಾರೆ. ಇದನ್ನು ಬೀಸಬೇಕಾದರೆ ಅವನು ಆರೂವರೆ ಅಡಿ ಎತ್ತರವಿದ್ದಿರಬೇಕೆಂದು ಲೆಕ್ಕ ಹಾಕುವವರಿದ್ದಾರೆ. ಆದರೆ ಈಗಿರುವ ರೂಪದ ಕತ್ತಿ ಅವನ ಕಾಲಕ್ಕಿಂತ ಈಚಿನದೆಂದು ತಜ್ಞರ ಅಭಿಪ್ರಾಯ. 1505ರಲ್ಲಿ ನಾಲ್ಕನೆಯ ಜೇಮ್ಸ್ ವಾಲೇಸನ ಕತ್ತಿಗೆ ಹೊಸ ಹಿಡಿ ಮಾಡಿಸಿದ ಖರ್ಚು ಲೆಕ್ಕಪತ್ರದಲ್ಲಿದೆ. ಹ್ಯಾರಿಯ ಕಾವ್ಯ ಹುಟ್ಟಿ ಆಗಿನ್ನೂ ಒಂದು ತಲೆಮಾರು.

ಅವನ ಹೆಸರಿನಲ್ಲೇ ಹೊರಟ ವಸ್ತುವೊಂದು ಜರ್ಮನಿಯಲ್ಲಿದೆ. ಸ್ಟರ್ಲಿಂಗ್ ಗೆದ್ದು ಸರಿಯಾಗಿ ಒಂದು ತಿಂಗಳಿಗೆ, 1297ರ ಅಕ್ಟೋಬರ್ 11ರಂದು, ಮರೆ ಮತ್ತು ವಾಲೇಸ್ ಹ್ಯಾಡಿಂಗ್‌ಟನ್ನಿನಿಂದ ಲ್ಯೂಬೆಕ್ ಮತ್ತು ಹ್ಯಾಂಬರ್ಗ್ ನಗರಗಳ ವರ್ತಕರಿಗೆ ಲ್ಯಾಟಿನ್ನಿನಲ್ಲಿ ಪತ್ರ ಕಳಿಸಿದರು. ದೇವರ ದಯೆಯಿಂದ ನಮ್ಮ ರಾಜ್ಯ ಇಂಗ್ಲಿಷರ ಕೈಯಿಂದ ಬಿಡುಗಡೆಯಾಗಿದೆ, ನಿಮ್ಮ ಸರಕು ಹೊತ್ತ ಹಡಗುಗಳು ನಮ್ಮ ಬಂದರುಗಳಿಗೆ ನಿರ್ಭಯವಾಗಿ ಬರಬಹುದು ಎಂಬುದು ಅದರ ಸಾರ. ಕೊನೆಯಲ್ಲಿ, ಜಾನ್ ಬರ್ನೆಟ್ ಮತ್ತು ಜಾನ್ ಫ್ರೇರ್ ಎಂಬ ತಮ್ಮ ಇಬ್ಬರು ವ್ಯಾಪಾರಿಗಳ ಕೆಲಸಕ್ಕೆ ನೆರವಾಗಬೇಕೆಂಬ ಕೋರಿಕೆಯೂ ಇದೆ.

ಪತ್ರಕ್ಕೆ ತೂಗುಬಿದ್ದ ಮೇಣದ ಮುದ್ರೆ ಬಹಳ ಚಿಕ್ಕದು. ಅದರ ಅಂಚಿನ ಸವೆದ ಅಕ್ಷರಗಳನ್ನು ತಜ್ಞರು ಓದಿರುವ ಪ್ರಕಾರ ಅವು ಹೇಳುವುದು 'ಅಲನ್ ವಾಲೇಸನ ಮಗ ವಿಲಿಯಂ' ಎಂದು. ಹ್ಯಾರಿಯ ಕಾವ್ಯದಲ್ಲೂ ಅದನ್ನು ನಂಬಿದ ಎಷ್ಟೋ ಪುಸ್ತಕಗಳಲ್ಲೂ ತಂದೆಯ ಹೆಸರು ಮಾಲ್ಕಮ್. ಇಂಗ್ಲಿಷರ 1296ರ ಶರಣಾಗತಿ ಪಟ್ಟಿಯಲ್ಲಿ ಏರ್‌ಶೈರ್ ಪ್ರಾಂತ್ಯದ ಅಲನ್ ವಾಲೇಸ್ ಎಂಬವನಿದ್ದಾನೆ. ತಂದೆ ಅವನೇ ಇರಬಹುದೆಂದು ಇತಿಹಾಸಕಾರರು ಊಹಿಸುತ್ತಾರೆ. ಮುದ್ರೆಯ ಮೇಲೆ ಕತ್ತಿಯ ಗುರುತಿಲ್ಲ. ಅಲ್ಲಿರುವುದು ಹೆದೆಯೇರಿಸಿದ ಒಂದು ಬಿಲ್ಲು, ಅದರಲ್ಲಿ ಹೂಡಿದ ಒಂದು ಬಾಣ.